ನೀನು ಬಿಟ್ಟುಕೊಟ್ಟ ಸೀಟು

ನೊಯೆಮಿ,

ಇದನ್ನು ನಿನಗೆ ಕಳಿಸುವ ಧೈರ್ಯ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ. ಇವತ್ತು ಹೊಂಡುರಾಸ್‌ನಿಂದ ನಿನ್ನ ಅಮ್ಮ ಇಲ್ಲಿ ಮೆರಿಡಾದ ನಮ್ಮ ಬೇಸಿಗೆ ಕೋರ್ಸಿನ ಕಚೇರಿಗೆ ಫೋನ್ ಮಾಡಿದ್ದರು. ಪ್ರೊಫೆಸರ್ ಇರ್ಮಾ ತರಗತಿಯಲ್ಲಿದ್ದರು. ಹನ್ನೆರಡು ದೇಶಗಳ ಹುಡುಗ ಹುಡುಗಿಯರ ಪ್ರಮಾಣಪತ್ರಗಳಿಗೆ ಹೆಸರು ಬರೆಯುತ್ತಿದ್ದ ನಾನೇ ಫೋನ್ ಎತ್ತಿದೆ.

"ನನ್ನ ಮಗಳನ್ನ ಯಾಕೆ ವಾಪಸ್ ಕಳಿಸಿದ್ರಿ?" ಎಂದರು.

ಅಪ್ಪಣೆಯಿಲ್ಲದೆ ಪ್ರೊಗ್ರೆಸೊ ಊರಿನ ಕಡಲತೀರಕ್ಕೆ ಹೋಗಿ ಸಂಜೆಯ ಹಾಜರಿ ತಪ್ಪಿಸಿದಳು, ಅದಕ್ಕೇ ವಿದ್ಯಾರ್ಥಿವೇತನ ರದ್ದಾಯಿತು ಎಂದು ನಿಯಮ ಓದಿದಂತೆ ಹೇಳಿದೆ.

"ಒಬ್ಬಳೇನಾ? ಅವಳಿಗೆ ನೀರು ಕಂಡ್ರೆ ಭಯ ಕಣಮ್ಮ. ಯಾರೋ ಕರ್ಕೊಂಡು ಹೋಗಿರ್ಬೇಕು. ಕೇಳಿದ್ರೆ ಬಾಯೇ ಬಿಡಲ್ಲ."

"ಬಾರೇ ಪುಕ್ಕಲಿ, ಕಾಲು ನೆನೆಸ್ಕೊಂಡು ಬರೋಣ" ಎಂದು ನಾನು ನಿನ್ನ ಕೈ ಎಳೆದದ್ದು ನೆನಪಾಯಿತು. ಮೆರಿಡಾಕ್ಕೆ ಮರಳುವ ಬಸ್ಸಿನಲ್ಲಿ ಉಳಿದಿದ್ದದ್ದು ಒಂದೇ ಸೀಟು. "ನೀನು ಹೋಗು, ನಾನು ಮುಂದಿನ ಬಸ್ಸಿಗೆ ಬರ್ತೀನಿ" ಎಂದೆ ನೀನು. ಹಾಜರಿಯ ಹೊತ್ತಿಗೆ ನಾನು ತಲುಪಿದೆ. ನೀನೆಲ್ಲಿ ಎಂದು ಪ್ರೊಫೆಸರ್ ಕೇಳಿದಾಗ ಗೊತ್ತಿಲ್ಲ ಎಂದೆ.

"ನಿನ್ನ ಹೆಸರೇನಮ್ಮ?" ಎಂದು ನಿನ್ನ ಅಮ್ಮ ಕೇಳಿದರು.

"ಯಾದಿರಾ."

"ಅಯ್ಯೋ, ನೀನೇನಾ! ನಿಮ್ಮನೆ ಊಟದ ಬಗ್ಗೆ ದಿನಾ ಹೇಳ್ತಾಳೆ. ಆ ಊರಲ್ಲಿ ನೀನಾದ್ರೂ ಇದ್ಯಲ್ಲ ಅವಳಿಗೆ. ದೇವರು ನಿನ್ನ ಚೆನ್ನಾಗಿಟ್ಟಿರ್ಲಿ, ಮಗಳೇ."

ಫೋನ್ ಇಟ್ಟರು. ಅಷ್ಟರಲ್ಲಿ ಪ್ರೊಫೆಸರ್ ಇರ್ಮಾ ಒಳಗೆ ಬಂದು, "ಯಾರದು ಫೋನು?" ಎಂದರು.

"ರಾಂಗ್ ನಂಬರ್" ಎಂದೆ.

ಯಾದಿರಾ