ಗುರುವಾರ ದೇವಕ್ಕನ ಮೂಗು ಕೊಯ್ಯುವ ಮೊದಲು

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಕ್ಯಾನ್ಸರ್ ಅಲ್ಲದ ಗಡ್ಡೆಗಾಗಿ ನಿಮ್ಮ ಆಸ್ಪತ್ರೆ ನನ್ನ ಅರ್ಧ ಮೂಗನ್ನು ಕತ್ತರಿಸಿ ಹಾಕಿತು. ಈಗ ಅದೇ ಮೂಗನ್ನು ತೋರಿಸಿ ಹೆಸರು ಗಳಿಸುತ್ತಿದೆ. ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪುಕ್ಕಟೆ ಪ್ರಚಾರ ಈಗಾಗಲೇ ಸಾಕಷ್ಟು ಕೊಟ್ಟಿದ್ದೇನೆ.

ನಾನು ವಿದ್ಯಾನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಎಡ ಮೂಗು ಕಟ್ಟಿಕೊಂಡು, ಒಳಗೊಂದು ಗಂಟು ಕಂಡಾಗ ನಿಮ್ಮಲ್ಲಿಗೆ ಬಂದೆ. ಶಸ್ತ್ರಚಿಕಿತ್ಸಾ ತಜ್ಞರು ಅದರ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಚೂರು ನೋಡಿದ ಪೆಥಾಲಜಿಯವರು, ಇದು ವಿಚಿತ್ರವಾಗಿದೆ, ಕ್ಯಾನ್ಸರ್ ಎನ್ನಲಾಗದು, ಸ್ಕ್ಯಾನ್ ಜೊತೆ ತಾಳೆ ನೋಡಿ ಎಂದು ಬರೆದರು. ಸ್ಕ್ಯಾನ್ ನೋಡಿದವರು, ಗಂಟು ಎಲುಬನ್ನು ತಿಂದಿಲ್ಲ, ಬರೀ ಸರಿಸಿದೆ, ಚೂರಿನ ಪರೀಕ್ಷೆಯ ಜೊತೆ ತಾಳೆ ನೋಡಿ ಎಂದು ಬರೆದರು. ಎಷ್ಟು ವಿನಯ! ಇವರು ಅವರತ್ತ ಕೈ ತೋರಿಸಿದರು, ಅವರು ಇವರತ್ತ. ಹಾಗಾದರೆ ತಾಳೆ ನೋಡಬೇಕಾದವರು ಯಾರು? ಗೇಟಿನ ಕಾವಲುಗಾರನೇ? ಶಸ್ತ್ರಚಿಕಿತ್ಸಾ ತಜ್ಞರಂತೂ ಇಬ್ಬರಿಗೂ ಒಂದು ಫೋನೂ ಮಾಡಲಿಲ್ಲ. “ಕ್ಯಾನ್ಸರ್‍ರ ಇರಬೇಕ್ರಿ ಮೇಡಂ, ತಡಾ ಮಾಡಬ್ಯಾಡ್ರಿ,” ಎಂದು ಆಪರೇಷನ್ ಮೇಜಿನ ಮೇಲೆ ಮಲಗಿಸಿಯೇ ಬಿಟ್ಟರು.

ಮೂಗು ಹೋದ ಮೇಲೆ ಪೂರ್ತಿ ಗಂಟಿನ ಪರೀಕ್ಷೆಯಾಯಿತು. ಬಲು ಅಪರೂಪದ, ಜೀವಕ್ಕೆ ಅಪಾಯವಿಲ್ಲದ ಗಡ್ಡೆಯಂತೆ. ಅದನ್ನಷ್ಟೇ ತೆಗೆದಿದ್ದರೆ ಮುಗಿಯುತ್ತಿತ್ತಂತೆ. “ಛಲೋ ಸುದ್ದಿ ಮೇಡಂ, ಕ್ಯಾನ್ಸರ್ ಅಲ್ಲ! ಪೇಢೆ ಹಂಚ್ರಿ,” ಎಂದರು ಅದೇ ತಜ್ಞರು. ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡು ಪೇಢೆ ಹಂಚುವುದು ಹೇಗೆಂದು ಹೇಳಲಿಲ್ಲ. ಕನ್ನಡಿ ಕಂಡರೆ ನನಗೆ ಈಗಲೂ ಅಳು ಬರುತ್ತದೆ.

ಪಾಪ, ಮೂವರಿಗೂ ಒಬ್ಬರನ್ನೊಬ್ಬರು ಕಾಣಲು ಪುರುಸೊತ್ತಿಲ್ಲವೇನೋ ಎಂದು ಮರುಗಿದ್ದೆ. ಸ್ಕ್ಯಾನಿನವರೇ ಹೆಮ್ಮೆಯಿಂದ ಹೇಳಿದರು: “ನಾವು ಮೂರೂ ಮಂದಿ ಧಾರವಾಡದಿಂದ ದಿನಾ ಒಂದ ಕಾರಿನ್ಯಾಗ ಬರ್ತೇವ್ರಿ. ಒಂದ ಮನಿಯವರಿದ್ದಂಗ.” ನಡುವಿನ ರಾಯಾಪುರ ದಾಟಿ ಬರುವಷ್ಟು ಹೊತ್ತು ಏನು ಮಾತಾಡುತ್ತೀರಿ ಎಂದು ಕೇಳಿದೆ. “ಕೆಲಸದ ಮಾತು ಕಾರಿನ್ಯಾಗ ಎತ್ತಬಾರದಂತ ರೂಲ್ ಮಾಡೇವ್ರಿ,” ಎಂದು ನಕ್ಕರು. ನನ್ನ ಮೂಗು ಹೋದದ್ದು ಆ ರೂಲಿಗೆ. ದಾರಿಯುದ್ದಕ್ಕೂ ಕಾಣುವ ಸೈಟುಗಳ ದರವನ್ನು ಮಾತ್ರ ಮೂವರೂ ಚೆನ್ನಾಗಿ ತಾಳೆ ನೋಡಿರಬೇಕು.

ಮೊನ್ನೆ ನಮ್ಮ ಶಾಲೆಯ ಆಯಾ ದೇವಕ್ಕ ನಿಮ್ಮಲ್ಲಿಂದ ಬಂದವಳೇ ನನ್ನ ಕೈ ಹಿಡಿದುಕೊಂಡಳು. “ಬಾಯಾರ, ಅಲ್ಲಿ ಗ್ವಾಡಿಗೆ ನಿಮ್ಮ ಮೊದಲಿನ ಫೋಟೊ ಹಚ್ಯಾರ್ರಿ. ಕಣ್ಣಿಗೆ ಕರೇ ಪಟ್ಟಿ ಬಡದಾರ. ಆದ್ರ ಆ ಮಚ್ಚಿ ಇರೂ ಮೂಗು ನಿಮ್ದ ಅಂತ ಗುರ್ತ ಹಿಡದ್ನಿ.” ಹೋಗಿ ನೋಡಿದೆ. ‘ಅಪರೂಪದ ಗಡ್ಡೆಯ ಪತ್ತೆ: ಮೂರು ವಿಭಾಗಗಳ ಒಗ್ಗಟ್ಟಿನ ಸಾಧನೆ’ ಎಂಬ ತಲೆಬರಹ. ಕೆಳಗೆ ಮೂವರೂ ಹೆಗಲಿಗೆ ಹೆಗಲು ಕೊಟ್ಟು ನಿಂತ ಚಿತ್ರ. ಮೂಗನ್ನು ಬೀದಿಗಿಟ್ಟು ಗುರುತು ಮುಚ್ಚಿಟ್ಟ ನಿಮ್ಮ ಜಾಣತನಕ್ಕೆ ಏನೆನ್ನಲಿ?

ದೇವಕ್ಕ ನಿಮ್ಮಲ್ಲಿಗೆ ಬಂದದ್ದು ನನ್ನ ಫೋಟೊ ನೋಡಲಿಕ್ಕಲ್ಲ. ಅವಳ ಮೂಗಿನಲ್ಲೂ ಗಂಟು. “ಗುರುವಾರ ನಂದೂ ಕೊಯ್ತಾರಂತ್ರಿ. ಏನ್ ಮಾಡ್ಲಿ ಬಾಯಾರ?” ಎಂದಳು. ಅವಳ ಎರಡೂ ವರದಿ ಓದಿದೆ. ಮತ್ತದೇ, ತಾಳೆ ನೋಡಿ.

ನನಗೆ ಪರಿಹಾರ ಬೇಡ. ಮೂಗು ನಿಮ್ಮ ಔಷಧದಂಗಡಿಯಲ್ಲಿ ಸಿಗುವುದಿಲ್ಲ. ಗುರುವಾರದೊಳಗೆ ಮೂವರನ್ನೂ ಒಂದೇ ಮೇಜಿಗೆ ಕೂರಿಸಿ, ದೇವಕ್ಕನ ಗಂಟು ಎಂಥದ್ದೆಂದು ಅವಳೆದುರಿಗೇ ತೀರ್ಮಾನಿಸಿ. ಅದೂ ಆಗದಿದ್ದರೆ ಬುಧವಾರ ಆ ಕಾರಿನಲ್ಲಿ ಅವಳಿಗೂ ಒಂದು ಸೀಟು ಕೊಡಿ. ಇನ್ನು ಆ ಕಪ್ಪು ಪಟ್ಟಿ. ಅದನ್ನು ನನ್ನ ಕಣ್ಣಿನಿಂದ ಕಿತ್ತು, ಕೆಳಗಿನ ಮೂವರ ಕಣ್ಣಿಗೂ ಒಂದೊಂದು ಅಂಟಿಸಿ. ನಾಲ್ಕನೆಯದೊಂದು ತರಿಸಿ ನಿಮಗೆ ಇಟ್ಟುಕೊಳ್ಳಿ.

ಇಂತಿ,
ನಿಮ್ಮ ಒಗ್ಗಟ್ಟಿನ ಸಾಧನೆ,
ಸುಲಭಾ