ನೀವು ಮಾಡಿದ ತಿದ್ದುಪಡಿ

ಅತನೂರ
೧೧ ಆಗಸ್ಟ್ ೧೯೮೬

ನೀಲವ್ವನ ಅಪ್ಪನವರಿಗೆ ಶರಣು ಶರಣಾರ್ಥಿ.

ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ನಿಮ್ಮ ವಕೀಲರನ್ನೇ ಕೇಳಿ ನೋಡಿ. ನಾನು, ಮಗಳು ಅಣ್ಣನ ಮನೆಯಲ್ಲಿ ಆರಾಮವಾಗಿದ್ದೇವೆ.

ಮೊನ್ನೆ ಕೋರ್ಟಿನಲ್ಲಿ ನೀವು ಗೋಡೆಗೆ ಆತು ನಿಂತು ನೆಲ ನೋಡುತ್ತಿದ್ದಿರಿ. ನಾನು ನಿಮ್ಮನ್ನೇ ನೋಡುತ್ತಿದ್ದೆ. ಜೀವನಾಂಶ ಕೇಳಿ ನಾನು ದಾವೆ ಹಾಕಿದಾಗ ನೀವು ಕೊಟ್ಟ ಮೊದಲ ಉತ್ತರದಲ್ಲಿ, ‘ಇವಳು ನನ್ನ ಹೆಂಡತಿ, ತಾನಾಗಿ ಮನೆ ಬಿಟ್ಟು ಹೋಗಿದ್ದಾಳೆ’ ಎಂದಿತ್ತು. ಬಿಟ್ಟು ಹೋದದ್ದು ಸುಳ್ಳು, ಆದರೂ ಹೆಂಡತಿ ಎಂಬ ಮಾತಾದರೂ ಅದರಲ್ಲಿತ್ತು. ಆಮೇಲೆ ಅದನ್ನು ತಿದ್ದಿಸಿ, ‘ಈಕೆ ನಮ್ಮ ಮನೆಗೆ ರೊಟ್ಟಿ ಬಡಿಯಲು ಬಂದ ಹೆಂಗಸು, ಮದುವೆ ಆಗಿಯೇ ಇಲ್ಲ’ ಎಂದು ಬರೆಸಿದಿರಿ. ಅಯ್ಯ ಶಿವನೇ! ಹಾಗಾದರೆ ಇಷ್ಟು ವರ್ಷ ಬಡಿದ ರೊಟ್ಟಿಗೆ ಕೂಲಿ ಎಲ್ಲಿ? ನಾನು ಹೆಂಡತಿಯಾದರೆ ನೀವು ಮನೆಗೆ ತಂದುಕೊಂಡ ಆಕೆ ಯಾರು ಎಂಬ ಪ್ರಶ್ನೆ ಬರುತ್ತದೆ, ಅದಕ್ಕೇ ಈ ಆಟ ಎಂದು ಅಣ್ಣ ಹೇಳುತ್ತಾನೆ.

ಈ ತಿದ್ದುಪಡಿಗೆ ನನ್ನ ತಕರಾರು ತಡವಾಯಿತು, ಒಪ್ಪುತ್ತೇನೆ. ನಿಮ್ಮ ತಿದ್ದುಪಡಿ ಮಂಜೂರಾಗಿ, ನೀವು ನಿಮ್ಮೂರು ಅಂದೋಲಾದಿಂದ ಸಾಕ್ಷಿಗಳನ್ನು ಕರೆದುಕೊಂಡು ಬಂದ ದಿನ ನಾನು ಇದು ಆಗಬಾರದು ಎಂದೆ. ಅವರೆಲ್ಲ ಸಾಕ್ಷಿ ಹೇಳದೆಯೇ ಹಿಂದಿರುಗಿದರು. ಇಷ್ಟು ದಿನ ಎಲ್ಲಿದ್ದೆಯಮ್ಮಾ ಎಂದು ಜಡ್ಜ್ ಸಾಹೇಬರು ಕೇಳಿದರು. ನಮ್ಮ ದೌಲತರಾಯ ವಕೀಲರು ಈಕೆಗೆ ಜ್ವರ ಬಂದಿತ್ತು ಎಂದುಬಿಟ್ಟರು. ಜ್ವರ ಬಂದಿರಲಿಲ್ಲ. ಸಾಹೇಬರೂ ನಂಬಲಿಲ್ಲ. ಮೊನ್ನೆ ತಕರಾರು ವಜಾ ಮಾಡಿ, ನಿಮ್ಮನ್ನು ಓಡಾಡಿಸಿದ್ದಕ್ಕೆ ನಿಮ್ಮ ಖರ್ಚನ್ನು ನಾನೇ ಕೊಡಬೇಕೆಂದು ಹುಕುಂ ಮಾಡಿದರು. ಮನೆಯಿಂದ ಹೊರಗೆ ಹಾಕಿದವರಿಗೆ ನಾನು ಬಸ್ ಚಾರ್ಜು ಕೊಡಬೇಕು! ನನಗೆ ನಗು ತಡೆಯಲಾಗಲಿಲ್ಲ. ಜೊತೆಗೆ ಬಂದಿದ್ದ ನಮ್ಮ ಓಣಿಯ ಪೀರಬಿ ನನ್ನ ಕೈ ಹಿಡಿದು, “ನಗಬ್ಯಾಡ ಬೇ, ಸಾಹೇಬ್ರು ನೋಡಾಕತ್ತಾರ” ಎಂದಳು. ಆಮೇಲೆ ಅಳುವುದನ್ನೂ ಆಕೆಯೇ ನಿಲ್ಲಿಸಬೇಕಾಯಿತು.

ಖರ್ಚು ಅಣ್ಣ ಕಟ್ಟುತ್ತಾನೆ, ಅದರ ಚಿಂತೆಯಲ್ಲ. ನಿಮ್ಮ ಹೊಸ ಮಾತು ಕೋರ್ಟಿನ ಕಾಗದದಲ್ಲಿ ಉಳಿದುಬಿಟ್ಟಿತು. ಮದುವೆ ಆಗಿದೆ ಎಂದು ಈಗ ನಾನೇ ತೋರಿಸಬೇಕು. ತೋರಿಸದಿದ್ದರೆ ನೀಲವ್ವ ಯಾರ ಮಗಳು ಎಂದು ಊರು ಕೇಳುತ್ತದೆ. ಮದುವೆ ಮಾಡಿಸಿದ ಅಯ್ಯನವರು ತೀರಿಹೋದರು. ನಿಮ್ಮ ಊರಿನವರು ನಿಮಗೆ ಎದುರಾಡುವುದಿಲ್ಲ. ಇನ್ನು ಉಳಿದವರು ನಿಮ್ಮ ತಾಯಿ, ಅತ್ತೆಯವರು. ಹೋದ ವಾರ ಚೌಡಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಸಿಕ್ಕರು. ನಾಲ್ಕು ಮಂದಿಯ ನಡುವೆ ಅವರ ಕಾಲು ಹಿಡಿದೆ. “ನಾ ಏನ್ ಮಾಡ್ಲಿ ಗೌರಾ? ನೀ ನನ್ನ ಸೊಸಿ ಹೌದು. ಆದ್ರ ಅವನ ಮನ್ಯಾಗ ಉಣ್ಣಾಕತ್ತೇನಿ, ಕೋರ್ಟಿನ್ಯಾಗ ನನ್ನ ಬಾಯಿ ಬಿಚ್ಚಂಗಿಲ್ಲ ಬೇ” ಎಂದು ಅತ್ತರು. ಸೆರಗಿನಿಂದ ನನ್ನ ಮುಖ ಒರೆಸಿದರು. ಅವರ ಮೇಲೆ ಹೇಗೆ ಸಿಟ್ಟು ಮಾಡಲಿ?

ಮುಂದೆ ನಿಮ್ಮನ್ನೇ ಕಟಕಟೆಗೆ ಕರೆಯುತ್ತಾರಂತೆ. ಜೀವನಾಂಶ ಕೊಡಬೇಡಿ. ನನ್ನನ್ನು ಕರೆದುಕೊಂಡು ಹೋಗುವುದೂ ಬೇಡ. ಮದುವೆ ಆಗಿದೆ ಎಂದಷ್ಟೇ ಹೇಳಿ, ಮಗಳ ಸಲುವಾಗಿ. ಬೇರೆ ಯಾರೂ ಉಳಿದಿಲ್ಲವೆಂದು ನಿಮ್ಮನ್ನೇ ಕೇಳುವ ಗತಿ ನನಗೆ ಬಂದಿದೆ. ನೀವು ಹೇಳುವುದಿಲ್ಲವೆಂದೂ ಗೊತ್ತಿದೆ.

ಇಂತಿ,
ಗೌರಾಬಾಯಿ

ತಾ.ಕ.: ತಕರಾರು ಯಾಕೆ ತಡ ಮಾಡಿದೆನೆಂದು ಅಣ್ಣನಿಗೂ ಹೇಳಿಲ್ಲ. ಉಗಾದಿಗೆ ಮೊದಲು ವಕೀಲರ ಗುಮಾಸ್ತ ಖಾಜಾ ಮನೆಗೆ ಬಂದು, “ಅಕ್ಕಾ, ನಿಮ್ಮ ಮನಿಯವರು ತಿದ್ದುಪಡಿ ಮಾಡ್ಕೊಂಡಾರ್ರಿ, ವಕೀಲರು ಲಗೂನ ಬರಾಕ ಹೇಳ್ಯಾರ” ಎಂದ. ನೀವು ನಿಮ್ಮನ್ನೇ ತಿದ್ದಿಕೊಂಡಿರಿ ಎಂದು ನಾನು ತಿಳಿದೆ. ನೀವು ತಂದುಕೊಂಡ ಆಕೆಯನ್ನು ಕಳಿಸಿಬಿಟ್ಟಿರಬೇಕು, ಈಗ ವಕೀಲರ ಹತ್ತಿರ ಓಡಿದರೆ ನಿಮ್ಮ ಮನಸ್ಸು ಮುರಿದೀತು ಎಂದು ಹೋಗಲೇ ಇಲ್ಲ. ನೀಲವ್ವನ ಬಟ್ಟೆ ಗಂಟು ಕಟ್ಟಿಟ್ಟು, ನೀವು ಕರೆಯಲು ಬರುತ್ತೀರೆಂದು ಮಳೆಗಾಲದ ತನಕ ಕಾದೆ.