ಟ್ಯಾಂಕಿನ ಪೆಟ್ಟಿಗೆ, ಭಾಂಡುಪ್ ಗಲ್ಲಿ

ಸೆಪ್ಟೆಂಬರ್ ೨೯

ಇವತ್ತೂ ಅದೇ. ಪೆಟ್ಟಿಗೆಯನ್ನು ಕೈಗಾಡಿಗೆ ಬಿಗಿದು ಮುಂಬೈಯ ಭಾಂಡುಪ್ ಗುಡ್ಡದ ನಮ್ಮ ಗಲ್ಲಿಗೆ. ತಲೆಯ ಮೇಲೆಲ್ಲ ತಗಡಿನ ಪತ್ರಾ, ಜಿಪಿಎಸ್‌ಗೆ ಆಕಾಶವೇ ಕಾಣುವುದಿಲ್ಲ. ಈ ಪೆಟ್ಟಿಗೆಗೆ ಆಕಾಶ ಬೇಡ. ಸೈನ್ಯದ ಟ್ಯಾಂಕಿನೊಳಗೆ ಕೂತು ದಾರಿ ಹೇಳುತ್ತಿದ್ದದ್ದು. ಎಷ್ಟು ಸರಿದೆ, ಎತ್ತ ತಿರುಗಿದೆ — ತಾನೇ ಲೆಕ್ಕ ಇಡುತ್ತದೆ. ಅದನ್ನು ಸರ್ವೆಗೆ ಪಳಗಿಸಿದವಳು ನಾನು. ಹೌದು, ನಾನೇ! ಡೈರಿಯಲ್ಲಾದರೂ ಜಂಬ ಪಡಬಾರದೇ?

ನೀರಿನ ಪೈಪ್ ಬರಬೇಕಾದರೆ ಗಲ್ಲಿಯ ನಕ್ಷೆ ಬೇಕು. ಈಗಿರುವುದರಲ್ಲಿ ನಾವು ಬರೀ ಖಾಲಿ ಗುಡ್ಡ. ಶುಕ್ರವಾರ ಪಾಲಿಕೆ ಅಧಿಕಾರಿಗಳೆದುರು ಪೆಟ್ಟಿಗೆಯ ಪರೀಕ್ಷೆ.

ಅಕ್ಟೋಬರ್ ೧, ಖಂಡೇಪೂಜೆ

ಟೆಕ್ನಿಶಿಯನ್ ಗುರುಪಾದ ಬಿಡಲಿಲ್ಲ. "ಮೇಡಂ, ಪೂಜಾ ಮಾಡದ ಮಿಷಿನ್ ಹ್ಯಾಂಗ ಹೊರಡಸೋದ್ರೀ?" ಕುಂಕುಮ, ಚೆಂಡುಹೂವು. ಗಾಡಿಯ ಗಾಲಿಗೇ ಕಾಯಿ ಒಡೆದೆ.

ಗಲ್ಲಿ ಸುತ್ತಿ, ಹೊರಟ ಗುರುತಿನ ಕಲ್ಲಿಗೇ ಮರಳಿದೆವು. ಪೆಟ್ಟಿಗೆಯ ಪ್ರಕಾರ ನಾವು ನೆರೆಯ ಶಿಂದೆಯವರ ಅಡುಗೆಮನೆಯಲ್ಲಿದ್ದೇವೆ! ಬಾಸ್ ಸುಹಾಸ್ ಸರ್ ಮುಖ ಹುಳ್ಳಗಾಯಿತು. "ಶುಕ್ರವಾರ ಸಹ ಹೀಗೇ ಆದ್ರೆ ವಾಪಸ್ ಕಳಿಸುವ ಮಾರಾಯ್ತಿ. ಯುದ್ಧದ ಸಾಮಾನು ಯುದ್ಧಕ್ಕೇ ಸರಿ."

ಡೇಟಾ ಕಾರ್ಡು ಕಿತ್ತು ಚೀಲಕ್ಕೆ ಹಾಕಿಕೊಂಡೆ.

ಅಕ್ಟೋಬರ್ ೨

ರಜೆ. ಡೇಟಾ ತೆರೆದೆ. ಶುರುವಿನಲ್ಲೇ ಗೆರೆ ಜಿಗಿದಿದೆ... ಕಾಯಿ! ಹೊರಡುವ ಮೊದಲು ಪೆಟ್ಟಿಗೆ ಅಲ್ಲಾಡದೆ ಕೂತು ದಿಕ್ಕು ಹಿಡಿಯಬೇಕು. ಆಗಲೇ ಗಾಲಿಗೆ ಕುಕ್ಕಿದ್ದೇನೆ. ಒಬ್ಬಳೇ ನಕ್ಕೆ. ನನ್ನ ಪೆಟ್ಟಿಗೆ ಅಪರಂಜಿ.

ದಾರಿಯಲ್ಲೂ ಆಗಾಗ ನಿಲ್ಲಿಸಬೇಕು. ನಿಶ್ಚಲವಾಗಿ ನಿಂತಾಗಲೇ ಅದು ತನ್ನ ತಪ್ಪು ತಿದ್ದಿಕೊಳ್ಳುವುದು. ಆದರೆ ಆ ಇಕ್ಕಟ್ಟಿನಲ್ಲಿ ಗಾಡಿಗೆ ತಾಗದೆ ಹೋಗುವವರು ಯಾರು? ಅವ್ವನಿಗೆ ಹೇಳಿದೆ. "ಎಲ್ಲಾರ್ನೂ ನಾ ನಿಂದರಸ್ತೀನಿ ತಗೋ" ಎಂದಳು.

ಅಕ್ಟೋಬರ್ ೩, ಶುಕ್ರವಾರ ಸಂಜೆ

ಗಾಡಿ ನಿಂತಲ್ಲೆಲ್ಲ ಅವ್ವನ ಗಂಟಲು, ಮೂರು ಭಾಷೆಯಲ್ಲಿ. "ಅಲ್ಲಾಡಬ್ಯಾಡ್ರೀ! ಏ ಬಾಯಿ, ಥಾಂಬಾ! ರುಕೋ ರೇ!" ಕೊಡ ಹೊತ್ತವರು ಹೊತ್ತೇ ನಿಂತರು. ಅಧಿಕಾರಿಗಳೂ ಕಾಲೆತ್ತಲಿಲ್ಲ, ಪಾಪ.

ಮರಳಿ ಅದೇ ಕಲ್ಲು. ತಪ್ಪು ಎರಡು ಬೆರಳಗಲವೂ ಇಲ್ಲ. ಪಾಸ್! ಸುಹಾಸ್ ಸರ್ ಎಲ್ಲರೆದುರು ಹೇಳಿದರು — "ಇದು ನಮ್ಮ ಶಿವಕುಮಾರಿ ಮಾಡಿದ್ದು." ಎದೆ ಉಬ್ಬಿತು. ಯಾಕೆ ಉಬ್ಬಬಾರದು?

ನವೆಂಬರ್ ೧೮

ನಕ್ಷೆ ಬಂತು. ಅವ್ವನ ಮುಂದೆ ಹಾಸಿದೆ. ಓದು ಬಾರದವಳು. ಮನೆ ತೋರಿಸಲು ಕೈ ಚಾಚಿದರೆ ತಳ್ಳಿಬಿಟ್ಟಳು. ಗುಡ್ಡದ ಕೆಳಗೆ ನೀರಿನ ಟ್ಯಾಂಕರ್ ನಿಲ್ಲುವ ಜಾಗದಲ್ಲಿ ತಾನೇ ಬೆರಳಿಟ್ಟಳು. ಕೊಡ ಹೊತ್ತು ಹತ್ತುವ ಹಾಗೆಯೇ ನಿಧಾನ, ಒಂದೊಂದೇ ತಿರುವು... ಸರಿಯಾಗಿ ನಮ್ಮ ಬಾಗಿಲಿಗೆ ಬಂದು ನಿಂತಿತು ಬೆರಳು.

"ಇಲ್ಲೀತನಾ ಬರ್ತದಲ್ಲ ನೀರು?"

"ಬರ್ತದವ್ವಾ" ಎಂದೆ. ಅವಳ ಬೆರಳ ಪಕ್ಕ ನನ್ನ ಬೆರಳೂ ಇಟ್ಟೆ.